ನೈಟ್ರೋಜನ್ ಹೋಸ್ ಹರಿದಿದೆ, ತನಿಖೆಗೆ ನನ್ನನ್ನು ಹಾಕಿದ್ದಾರೆ. ರಾಕೆಟ್ ಎಂಜಿನ್ ಟೆಸ್ಟ್ ಮಾಡುವ ಕಡೆ ಇದನ್ನು ಹೇಗೆ ಮಾಡುತ್ತಾರೆ?

ಪ್ರೆಶರ್ ಲೈನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಣ್ಯ ಕಡೆ ಒಂದು ಚಿಕ್ಕ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೈ ಪ್ರೆಶರ್ ವಾಲ್ವ್ ಮಾಡುವುದು, ಟೆಸ್ಟ್ ಮಾಡಿ ಕಳಿಸುವುದು ನಮ್ಮ ಕೆಲಸ. ಅದರಲ್ಲಿ ಕೆಲವು ರಾಕೆಟ್ ಎಂಜಿನ್ ಪರೀಕ್ಷೆ ಮಾಡುವ ಕಡೆಗೂ ಹೋಗುತ್ತವೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ವಾಲ್ವ್ ಟೆಸ್ಟ್ ಮಾಡುವ ನಮ್ಮ ರಿಗ್‌ನಲ್ಲಿ ನೈಟ್ರೋಜನ್ ಲೈನಿನ ಫ್ಲೆಕ್ಸಿಬಲ್ ಹೋಸ್ ಒಂದು ಫಿಟ್ಟಿಂಗ್ ಹತ್ತಿರವೇ ಹರಿದು ಕಿತ್ತುಕೊಂಡು ಬಂತು. ಪ್ರೆಶರ್ 150 ಬಾರ್ ಆಸುಪಾಸಿನಲ್ಲಿತ್ತು. ಹೋಸ್ ಹಾವಿನ ತರ ಹೊರಳಾಡಿ ಗೇಜ್ ಪ್ಯಾನೆಲ್‌ಗೆ ಬಡಿಯಿತು. ಎರಡು ಗೇಜಿನ ಗಾಜು ಪುಡಿಪುಡಿ. ಪಕ್ಕದ ಗೋಡೆಯಲ್ಲಿ ಅಂಗೈ ಅಗಲ ಗಾರೆ ಎದ್ದು ಬಂದಿದೆ. ಅರ್ಧ ಗಂಟೆ ಪ್ರೆಶರ್ ಹಿಡಿದಿಡುವ ಟೆಸ್ಟ್ ಅದು. ಯಾವಾಗಲೂ ಪ್ಯಾನೆಲ್ ಮುಂದೆಯೇ ನಿಂತಿರುವ ಹುಡುಗ ಆಗಷ್ಟೇ ರೀಡಿಂಗ್ ಬರೆದಿಟ್ಟು ಟೀ ಕುಡಿಯಲು ಹೋಗಿದ್ದ. ಹೋಗದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾಲ್ಕು ಜನರ ತನಿಖೆ ತಂಡ ಮಾಡಿದ್ದಾರೆ, ಅದರಲ್ಲಿ ನಾನೂ ಒಬ್ಬ. ಶುಕ್ರವಾರದೊಳಗೆ ಒಂದು ಪುಟದ ರಿಪೋರ್ಟ್ ಬೇಕಂತೆ. ಅದರಲ್ಲಿ ಏನು ಬರೆಯಬೇಕು ಅಂತ ಹೆಚ್ಚುಕಡಿಮೆ ಈಗಾಗಲೇ ಹೇಳಿಬಿಟ್ಟಿದ್ದಾರೆ: ಆಪರೇಟರ್ ಲೈನ್ ಬಿಟ್ಟು ಹೋಗಿದ್ದ, ಹೋಸ್ ಬದಲಾಯಿಸಲಾಗಿದೆ, ಮುಂದೆ ಎಚ್ಚರ ವಹಿಸಲಾಗುವುದು. ನನಗೆ ಇದು ಸರಿ ಕಾಣುತ್ತಿಲ್ಲ. ಹುಡುಗ ಟೀಗೆ ಹೋದದ್ದಕ್ಕೂ ಹೋಸ್ ಹರಿದದ್ದಕ್ಕೂ ಏನು ಸಂಬಂಧ?

ರಾಕೆಟ್ ಎಂಜಿನ್ ಕಟ್ಟಿ ನಿಲ್ಲಿಸಿ ಪರೀಕ್ಷಿಸುವ ಟೆಸ್ಟ್ ಸ್ಟ್ಯಾಂಡ್‌ಗಳಲ್ಲಿ ಇದಕ್ಕಿಂತ ನೂರು ಪಾಲು ದೊಡ್ಡ ಅನಾಹುತ ಆಗಿವೆ, ಅವನ್ನೆಲ್ಲ ತನಿಖೆ ಮಾಡಿದ್ದಾರೆ. ಆ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ, ಎಲ್ಲಿಂದ ಶುರು ಮಾಡಬೇಕು, ಏನು ನೋಡಬೇಕು ಅಂತ ದಯವಿಟ್ಟು ಹೇಳಿ. ನಮ್ಮದು ಚಿಕ್ಕದು ಅಂತ ಬಿಡಬೇಡಿ.

ಹಳೇ ಸ್ಟ್ಯಾಂಡ್ ಬರೆದದ್ದು:

ಮೊದಲು ನನ್ನದೊಂದು ಪ್ರಶ್ನೆ. ಹರಿದ ಹೋಸ್ ಈಗ ಎಲ್ಲಿದೆ? ಗುಜರಿ ಡಬ್ಬಿಗೆ ಹೋಗಿದ್ದರೆ ಇದನ್ನು ಓದುವುದು ನಿಲ್ಲಿಸಿ, ಹೋಗಿ ಎತ್ತಿಟ್ಟುಕೊಂಡು ಬನ್ನಿ. ಎರಡೂ ತುಂಡು ಬೇಕು. ಫಿಟ್ಟಿಂಗ್‌ನಲ್ಲಿ ಉಳಿದಿರುವ ಗಿಡ್ಡ ತುಂಡೇ ಜಾಸ್ತಿ ಮುಖ್ಯ, ಅದನ್ನೇ ಎಲ್ಲರೂ ಬಿಚ್ಚಿ ಎಸೆಯುತ್ತಾರೆ.

ನಾನು ಬಹಳ ವರ್ಷ ಟೆಸ್ಟ್ ಸ್ಟ್ಯಾಂಡ್‌ಗಳಲ್ಲಿ ಇದ್ದವನು. ಅಲ್ಲಿ ಏನಾದರೂ ಒಡೆದರೆ ಮೊದಲ ಕೆಲಸ ಕಾರಣ ಹುಡುಕುವುದಲ್ಲ. ಯಾರೂ ಹತ್ತಿರ ಹೋಗದಂತೆ ನೋಡಿಕೊಳ್ಳುವುದು. ಬೆಂಕಿ ಆರಿದ ಮೇಲೂ ಟ್ಯಾಂಕಿನಲ್ಲಿ ದ್ರವ ಇರುತ್ತದೆ, ಎರಡು ವಾಲ್ವ್ ನಡುವೆ ಸಿಕ್ಕಿಹಾಕಿಕೊಂಡ ಪ್ರೆಶರ್ ಇರುತ್ತದೆ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿ ಕುದಿಯುವಂಥದ್ದು. ಅದು ಡಾಂಬರಿನ ಮೇಲೆ ಚೆಲ್ಲಿದ್ದರೆ ಅಲ್ಲಿ ಬೂಟುಗಾಲು ಇಟ್ಟರೂ ಸಿಡಿಯಬಹುದು. ಅದಕ್ಕೇ ಅಂಥ ಜಾಗದಲ್ಲಿ ಕಾಂಕ್ರೀಟ್ ಹಾಕಿರುತ್ತಾರೆ, ಡಾಂಬರು ಹಾಕುವುದಿಲ್ಲ. ನೈಟ್ರೋಜನ್ ಅಂತೂ ಕಾಣಿಸುವುದೂ ಇಲ್ಲ, ವಾಸನೆಯೂ ಇಲ್ಲ. 1981ರ ಮಾರ್ಚ್ 19ರಂದು ಅಮೆರಿಕದ ಕೆನಡಿ ಕೇಂದ್ರದಲ್ಲಿ ಕೊಲಂಬಿಯಾ ಶಟಲ್‌ನ ಹಿಂಭಾಗದ ಕೋಣೆಯಲ್ಲಿ ನೈಟ್ರೋಜನ್ ತುಂಬಿತ್ತು. ಅದು ಗೊತ್ತಿಲ್ಲದೆ ಒಳಗೆ ಹೋದ ಕೆಲಸಗಾರರು ಉಸಿರಾಡಲು ಆಮ್ಲಜನಕ ಸಿಗದೆ ಹಾಗೇ ಕುಸಿದರು, ಪ್ರಾಣವನ್ನೂ ಕಳೆದುಕೊಂಡರು. ನಿಮ್ಮ ಕೋಣೆಗೆ ಕಿಟಕಿ, ಫ್ಯಾನ್ ಎಷ್ಟಿವೆ ಅನ್ನುವುದನ್ನೂ ರಿಪೋರ್ಟಿನಲ್ಲಿ ಬರೆಯಿರಿ.

ಆಮೇಲೆ ಫೋಟೋ. ಏನನ್ನೂ ಮುಟ್ಟುವ ಮೊದಲು. ಪ್ರತಿ ವಾಲ್ವಿನ ಹಿಡಿ ಯಾವ ಕಡೆಗಿದೆ, ಪ್ರತಿ ಗೇಜಿನ ಮುಳ್ಳು ಎಲ್ಲಿ ನಿಂತಿದೆ, ಎಲ್ಲ. ಒಡೆದ ಗೇಜಿನ ಮುಳ್ಳು ಕೂಡ ಸಾಕ್ಷಿಯೇ. ಬಿದ್ದ ಚೂರಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ನಂಬರ್ ಕೊಟ್ಟು, ಮೂಲೆಯಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು ನಕ್ಷೆ ಮಾಡಬೇಕು. ಯಾವ ಚೂರು ಎಷ್ಟು ದೂರ, ಯಾವ ದಿಕ್ಕಿಗೆ ಹೋಯಿತು ಅನ್ನುವುದರಿಂದಲೇ ಮೊದಲು ಒಡೆದದ್ದು ಯಾವುದು ಅಂತ ಹಿಂದಕ್ಕೆ ಹೋಗಬಹುದು.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು 1967ರ ಜನವರಿ 20. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಡಗ್ಲಸ್ ಕಂಪನಿಯ ಟೆಸ್ಟ್ ಕೇಂದ್ರ. ಸ್ಯಾಟರ್ನ್ ರಾಕೆಟ್ಟಿನ ಮೇಲಿನ ಹಂತ ಎಸ್-4ಬಿ, ನಂಬರ್ 503. ಕೌಂಟ್‌ಡೌನ್ ನಡೆಯುತ್ತಿತ್ತು, ಎಂಜಿನ್ ಇನ್ನೂ ಹೊತ್ತಿಸಿರಲೇ ಇಲ್ಲ, ಅಷ್ಟರಲ್ಲಿ ಇಡೀ ಹಂತ ಸ್ಫೋಟವಾಗಿ ನಾಶವಾಯಿತು. ಒಳಗೆ ದ್ರವ ಹೈಡ್ರೋಜನ್, ದ್ರವ ಆಮ್ಲಜನಕ ಎರಡೂ ಇದ್ದವು. ಹಾಗಾಗಿ ಎಲ್ಲರ ಕಣ್ಣೂ ಮೊದಲು ಎಂಜಿನ್ ಕಡೆ, ಟ್ಯಾಂಕ್ ಕಡೆ ಹೋಗುವುದು ಸಹಜ, ಅಲ್ವಾ? ಆದರೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಹೀಲಿಯಂ ಗೋಳ, ಪ್ರೆಶರಿನಲ್ಲಿ ಹೀಲಿಯಂ ಗ್ಯಾಸ್ ತುಂಬಿಡುವ ಟ್ಯಾಂಕ್. ಎಂಜಿನ್ ಕೂರುವ ಚೌಕಟ್ಟಿನ ಮೇಲೆ ಅಂಥ ಎಂಟು ಟೈಟಾನಿಯಂ ಗೋಳ ಇದ್ದವು. ಒಂದು ಒಡೆದು, ಅದರ ಏಟಿಗೆ ಇಂಧನ ತುಂಬುವ ಪೈಪುಗಳು ಹರಿದು, ಎರಡೂ ದ್ರವ ಬೆರೆತು ಹೊತ್ತಿಕೊಂಡವು.

ಅಲ್ಲಿಗೇ ನಿಲ್ಲಿಸಿದ್ದರೆ "ಗೋಳ ಒಡೆದಿದೆ, ಬದಲಾಯಿಸಲಾಗಿದೆ" ಅಂತ ಬರೆದು ಮುಗಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ಆ ಗೋಳವನ್ನು ಬೆಸುಗೆ ಹಾಕುವಾಗ ಮಿಶ್ರಲೋಹದ ಕಡ್ಡಿಯ ಬದಲು ಶುದ್ಧ ಟೈಟಾನಿಯಂ ಕಡ್ಡಿ ಬಳಸಿದ್ದರು. ನೋಡಲು ಎರಡೂ ಒಂದೇ ತರ. ಮೊದಲು ಜಾಸ್ತಿ ಪ್ರೆಶರ್ ಹಾಕಿ ನೋಡಿದಾಗ ಆ ಗೋಳ ಪಾಸಾಗಿಯೇ ಇತ್ತು! ಆಮೇಲೆ ಮತ್ತೆ ಮತ್ತೆ ಪ್ರೆಶರ್ ಹಾಕಿ ಇಳಿಸಿ ಮಾಡಿದ್ದರಿಂದ ಆ ಬೆಸುಗೆ ಒಳಗೊಳಗೇ ಸೋತಿತ್ತು. ಕಡ್ಡಿ ಬೇರೆ ಅನ್ನುವುದು ಗೊತ್ತಾದ ಮೇಲೆ ಪ್ರಶ್ನೆ ಒಂದು ಗೋಳದ್ದಲ್ಲ, ಅದೇ ಕಡ್ಡಿಯಲ್ಲಿ ಬೆಸೆದ ಉಳಿದ ಗೋಳಗಳು ಎಲ್ಲಿವೆ ಅನ್ನುವುದು. ಆ ಹಂತದ ಜಾಗಕ್ಕೆ ಇನ್ನೊಂದನ್ನು 503ಎನ್ ಅಂತ ಹೆಸರು ಬದಲಿಸಿ ತಂದರು. ಅದೇ 1968ರ ಡಿಸೆಂಬರಿನಲ್ಲಿ ಅಪೊಲೊ 8ರ ಮೂವರನ್ನು ಚಂದ್ರನ ಕಡೆಗೆ ತಳ್ಳಿತು.

ನಿಮ್ಮ ಹೋಸ್ ಜೊತೆ ಬಂದ ಬ್ಯಾಚಿನ ಬೇರೆ ಹೋಸ್‌ಗಳು ಈಗಲೂ ಯಾವ ಯಾವ ರಿಗ್ ಮೇಲಿವೆ? ಇವತ್ತೇ ನೋಡಿ.

ಲೋಹದ ಕಣ್ಣು ಬರೆದದ್ದು:

ಹಳೇ ಸ್ಟ್ಯಾಂಡ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಮುರಿದ ಲೋಹ ನೋಡುವ ಲ್ಯಾಬಿನವಳು. ನಮ್ಮ ಹತ್ತಿರ ಬರುವ ಹೊತ್ತಿಗೆ ಅರ್ಧ ಸಾಕ್ಷಿ ಹಾಳಾಗಿರುತ್ತದೆ, ಹಾಳು ಮಾಡಿದವರು ಕೆಟ್ಟವರಲ್ಲ, ಒಳ್ಳೆ ಮನಸ್ಸಿನಿಂದಲೇ ಮಾಡಿರುತ್ತಾರೆ. ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿರುತ್ತಾರೆ. ಕೊಳೆ ಅಂತ ಬಟ್ಟೆಯಲ್ಲಿ ಒರೆಸಿರುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಮಾಡುವ ತಪ್ಪು, ಸರಿಯಾಗಿ ಕೂರುತ್ತದಾ ನೋಡೋಣ ಅಂತ ಎರಡು ಮುರಿದ ಮುಖಗಳನ್ನು ಒಂದಕ್ಕೊಂದು ಒತ್ತಿ ಜೋಡಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಮುರಿದ ಮುಖದ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳಿರುತ್ತವೆ, ಒಂದು ಸಲ ಉಜ್ಜಿದರೆ ಹೋಯಿತು. ಎರಡನ್ನೂ ಬೇರೆ ಬೇರೆ ಒಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ, ಸಮಯ, ಎತ್ತಿದವರ ಹೆಸರು ಬರೆಯಿರಿ.

ನಿಮ್ಮದು ಹೆಣೆದ ಸ್ಟೀಲ್ ತಂತಿಯ ಹೋಸ್ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಲ್ಯಾಬ್ ಇಲ್ಲದೆಯೂ ನೀವೇ ಒಂದು ನೋಡಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಹರಿದ ತಂತಿಗಳ ತುದಿ ಒಂದೊಂದಾಗಿ ನೋಡಿ. ಒಂದೇ ಏಟಿಗೆ ಎಳೆತ ತಾಳದೆ ಹರಿದ ತಂತಿ ತುದಿಯಲ್ಲಿ ಸಣ್ಣಗಾಗಿ, ಬಟ್ಟಲಿನ ತರ ಗುಳಿ ಬಿದ್ದಿರುತ್ತದೆ. ದಿನಾ ಬಾಗಿ ಬಾಗಿ ದಣಿದು ಮುರಿದ ತಂತಿಯ ತುದಿ ಚಪ್ಪಟೆ, ಚಾಕುವಿನಲ್ಲಿ ಕತ್ತರಿಸಿದ ಹಾಗೆ, ಸಣ್ಣಗಾಗಿರುವುದಿಲ್ಲ. ಎಷ್ಟೋ ದಿನದ ಹಿಂದೆಯೇ ಮುರಿದಿದ್ದರೆ ಹೊಳಪೂ ಮಾಸಿರುತ್ತದೆ. ಎಣಿಸಿ. ಯಾವ ತಂತಿ ಯಾವ ಕಡೆ ಅಂತಲೂ ಗುರುತು ಹಾಕಿ. ಮಂಗಳವಾರ ಮೂರೂಕಾಲಿಗೆ ಹರಿದದ್ದು ಎಷ್ಟು, ಅದಕ್ಕೂ ಮುಂಚೆ ಸತ್ತಿದ್ದವು ಎಷ್ಟು, ಅಲ್ಲೇ ಗೊತ್ತಾಗುತ್ತದೆ.

ರಾಕೆಟ್ ಕಡೆಯ ಕಷ್ಟ ಏನೆಂದರೆ, ಆಮ್ಲಜನಕದಲ್ಲಿ ಲೋಹವೇ ಉರಿಯುತ್ತದೆ. ಎಲ್ಲಿ ಶುರುವಾಯಿತೋ ಆ ಭಾಗವೇ ಮೊದಲು ಕರಗಿ ಹೋಗುತ್ತದೆ. ಎಜೆ26 ಎಂಜಿನ್ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಸೋವಿಯತ್ ಕಾಲದಲ್ಲಿ ಚಂದ್ರನಿಗೆ ಹೋಗುವ ರಾಕೆಟ್ಟಿಗೆ ಅಂತ ಮಾಡಿ, ದಶಕಗಟ್ಟಲೆ ಗೋದಾಮಿನಲ್ಲಿ ಇಟ್ಟಿದ್ದ ಎಂಜಿನ್ ಅವು. ಅಮೆರಿಕದವರು ಕೊಂಡು, ಬದಲಾವಣೆ ಮಾಡಿ ಮಿಸಿಸಿಪ್ಪಿಯ ಸ್ಟೆನ್ನಿಸ್ ಕೇಂದ್ರದಲ್ಲಿ ಟೆಸ್ಟ್ ಮಾಡುತ್ತಿದ್ದರು. 2011ರ ಜೂನ್‌ನಲ್ಲಿ ಒಂದರಲ್ಲಿ ಸೀಮೆಎಣ್ಣೆ ಸೋರಿ ಬೆಂಕಿ ಬಿತ್ತು. ಅದಕ್ಕೆ ಕಾರಣ, ಲೋಹದ ಒಳಗಿನ ಎಳೆತ ಮತ್ತು ಗಾಳಿಯ ತೇವ ಎರಡೂ ಸೇರಿ ವರ್ಷಗಟ್ಟಲೆ ನಿಧಾನಕ್ಕೆ ಬೆಳೆದ ಬಿರುಕು. ನಮ್ಮಲ್ಲೂ ಇದೇ ಕಾಯಿಲೆ ಬಂದಿತ್ತು. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ ಡಿ5 ಹಾರುವ ಒಂದೂಕಾಲು ಗಂಟೆ ಮುಂಚೆ ಎರಡನೇ ಹಂತದ ಇಂಧನ ಸೋರುವುದು ಕಂಡು ನಿಲ್ಲಿಸಿದರು. ಟ್ಯಾಂಕಿನ ಮಿಶ್ರಲೋಹಕ್ಕೇ ಹೀಗೆ ಬಿರುಕು ಬಿಡುವ ಗುಣ ಇತ್ತು. 2219 ಅನ್ನುವ ಬೇರೆ ಅಲ್ಯೂಮಿನಿಯಂಗೆ ಬದಲಾಯಿಸಿ 2014ರ ಜನವರಿ 5ಕ್ಕೆ ಹಾರಿಸಿದರು.

ಎಜೆ26ಗೆ ವಾಪಸ್ ಬರುತ್ತೇನೆ. 2014ರ ಮೇ ತಿಂಗಳಲ್ಲಿ ಸ್ಟೆನ್ನಿಸ್‌ನಲ್ಲೇ ಇನ್ನೊಂದು ಎಂಜಿನ್, ಟೆಸ್ಟ್ ಶುರುವಾಗಿ ಸುಮಾರು 30 ಸೆಕೆಂಡಿಗೆ ಒಡೆಯಿತು. ಅದೇ ವರ್ಷ ಅಕ್ಟೋಬರ್ 28ರಂದು ಇದೇ ಎಂಜಿನ್ ಇದ್ದ ಅಂಟಾರೆಸ್ ರಾಕೆಟ್ ಹಾರಿದ ಸುಮಾರು 15 ಸೆಕೆಂಡಿಗೆ ಎಂಜಿನ್ ಒಡೆದು ಕೆಳಗೆ ಬಿತ್ತು. ಎರಡರ ಅವಶೇಷ ಪಕ್ಕಪಕ್ಕ ಇಟ್ಟು ನೋಡಿದಾಗ, ಆಮ್ಲಜನಕದ ಟರ್ಬೋಪಂಪಿನ ಬೇರಿಂಗ್ ಕೂರುವ ರಂಧ್ರ ಎರಡರಲ್ಲೂ ಸರಿಯಾಗಿ ಕೊರೆದಿರಲಿಲ್ಲ. ಇಷ್ಟಾದರೂ ನಾಸಾದ ತಂಡ ಇದೇ ಕಾರಣ ಅಂತ ಒಂದಕ್ಕೆ ಬೆರಳಿಟ್ಟು ತೋರಿಸಲಿಲ್ಲ. ತಿರುಗುವ ಭಾಗ ತಿರುಗದ ಭಾಗಕ್ಕೆ ಉಜ್ಜಿ ಹೊತ್ತಿಕೊಂಡಿತು, ಇದು ಖಂಡಿತ ಅಂದರು. ಯಾಕೆ ಉಜ್ಜಿತು ಅನ್ನುವುದಕ್ಕೆ ವಿನ್ಯಾಸದಲ್ಲೇ ಜಾಗ ಕಡಿಮೆ, ಒಳಗೆ ಬಂದ ಕಸ, ಕೊರೆಯುವಾಗಿನ ತಪ್ಪು, ಈ ಮೂರರಲ್ಲಿ ಯಾವುದಾದರೂ ಒಂದಿರಬಹುದು ಅಥವಾ ಕೂಡಿಕೊಂಡಿರಬಹುದು ಅಂತ ಬರೆದರು. ರಾಕೆಟ್ ಕಂಪನಿಯ ತನಿಖೆ ಮಾತ್ರ ಕೊರೆಯುವಾಗಿನ ತಪ್ಪಿನ ಕಡೆ ಜಾಸ್ತಿ ವಾಲಿತು. ನನಗೆ ನಾಸಾ ರಿಪೋರ್ಟಿನ ಆ ಸಾಲುಗಳ ಮೇಲೆ ತುಂಬ ಗೌರವ. ಇಷ್ಟು ಖಚಿತ, ಇಲ್ಲಿಂದ ಮುಂದೆ ಇಲ್ಲ ಅಂತ ಬರೆಯಲು ಧೈರ್ಯ ಬೇಕು. ನಿಮ್ಮ ರಿಪೋರ್ಟಿನಲ್ಲೂ ಹಾಗೇ ಎರಡು ಭಾಗ ಮಾಡಿ.

ಚಾನೆಲ್ 42 ಬರೆದದ್ದು:

ನಾನು ಸೆನ್ಸರ್, ಡೇಟಾ ಕಡೆಯವನು. ನಿಮ್ಮ ರಿಗ್‌ನಲ್ಲಿ ರೀಡಿಂಗ್ ತಾನಾಗೇ ದಾಖಲಿಸುವ ಡೇಟಾ ಲಾಗರ್ ಇದೆಯಾ? ಇದ್ದರೆ ಮೊದಲು ಆ ಫೈಲ್ ಕಾಪಿ ಮಾಡಿ, ಮೂಲ ಫೈಲ್ ಯಾರೂ ತೆರೆಯದಂತೆ ಇಡಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಸಮಯದ ಕಾಲಂ ಸೆಕೆಂಡಿಗೆ ಇಳಿದು, ದಶಾಂಶದ ನಂತರದ್ದೆಲ್ಲ ಹೋಗಿರುವುದನ್ನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಗಡಿಯಾರ. ಲಾಗರಿನ ಗಡಿಯಾರ, ಸಿಸಿಟಿವಿ ಗಡಿಯಾರ, ರಿಜಿಸ್ಟರಿನಲ್ಲಿ ಬರೆದ ಕೈಗಡಿಯಾರದ ಸಮಯ, ಮೂರೂ ಮೂರು ತರ ಇರುತ್ತವೆ. ಎಷ್ಟು ವ್ಯತ್ಯಾಸ ಅಂತ ಇವತ್ತೇ ಅಳೆದು ಬರೆದಿಡಿ, ನಾಳೆ ಯಾರೋ ಸರಿ ಮಾಡಿಬಿಡುತ್ತಾರೆ. ದೊಡ್ಡ ಸ್ಟ್ಯಾಂಡ್‌ಗಳಲ್ಲಿ ಎಲ್ಲ ಚಾನೆಲ್ಲಿಗೂ, ಅಂದರೆ ಒಂದೊಂದು ಸೆನ್ಸರಿನ ಡೇಟಾ ಸಾಲಿಗೂ, ಒಂದೇ ಗಡಿಯಾರದಿಂದ ಸಮಯ ಹೋಗುತ್ತದೆ. ಹಾಗಿದ್ದರೂ ಜಗ್ಗಾಟ ತಪ್ಪಿದ್ದಲ್ಲ. 700 ಮೀಟರ್ ದೂರದ ಕ್ಯಾಮೆರಾಕ್ಕೆ ಬೆಳಕು ಆ ಕ್ಷಣಕ್ಕೇ ಮುಟ್ಟುತ್ತದೆ, ಸದ್ದು ಎರಡು ಸೆಕೆಂಡ್ ತಡ. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ "ಬೆಂಕಿ ಮೊದಲು, ಸದ್ದು ಆಮೇಲೆ" ಅಂತ ತಪ್ಪು ಕಥೆ ಹುಟ್ಟಿಕೊಳ್ಳುತ್ತದೆ.

ಈ ಕೆಲಸದಲ್ಲಿ ಸಮಯ ಎಷ್ಟು ಚಿಕ್ಕದು ಅಂತ ಗೊತ್ತಾಗಬೇಕಾದರೆ 2016ರ ಸೆಪ್ಟೆಂಬರ್ 1 ನೋಡಿ. ಫ್ಲೋರಿಡಾದಲ್ಲಿ ಸ್ಪೇಸ್ಎಕ್ಸ್‌ನವರು ಫಾಲ್ಕನ್ 9ಕ್ಕೆ ಇಂಧನ ತುಂಬುತ್ತಿದ್ದರು, ನಿಂತಲ್ಲೇ ಎಂಜಿನ್ ಹೊತ್ತಿಸಿ ನೋಡುವ ಪರೀಕ್ಷೆಗೆ. ಮೇಲಿನ ಹಂತ ಸಿಡಿಯಿತು, ಮೇಲಿದ್ದ ಉಪಗ್ರಹವೂ ಹೋಯಿತು. ಮೊದಲ ಅಸಹಜ ಸಿಗ್ನಲ್ ಬಂದಲ್ಲಿಂದ ಎಲ್ಲ ಮುಗಿಯುವವರೆಗೆ 93 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವಷ್ಟೂ ಇಲ್ಲ. ಆ ಸಂದಿಯಲ್ಲಿ ಸುಮಾರು 3000 ಚಾನೆಲ್‌ಗಳ ಡೇಟಾ ಕೂಡಿಸಿ ಏನು ಮೊದಲು, ಏನು ನಂತರ ಅಂತ ಸಾಲಾಗಿ ಜೋಡಿಸಿದರು. ಕೊನೆಗೆ ಮುಟ್ಟಿದ್ದು ಆಮ್ಲಜನಕದ ಟ್ಯಾಂಕಿನೊಳಗೆ ಮುಳುಗಿರುವ ಹೀಲಿಯಂ ಸಿಲಿಂಡರಿಗೆ. ಒಳಗೆ ಅಲ್ಯೂಮಿನಿಯಂ ಪದರ, ಹೊರಗೆ ಕಾರ್ಬನ್ ನಾರು ಸುತ್ತಿರುತ್ತಾರೆ. ಒಳಪದರ ಅಲ್ಲಲ್ಲಿ ಮಡಿಚಿಕೊಂಡು ನಾರಿನ ಕೆಳಗೆ ಸಂದಿ ಆಗಿತ್ತು. ತುಂಬ ತಣ್ಣಗಿನ ಆಮ್ಲಜನಕ ಅಲ್ಲಿ ಸೇರಿಕೊಂಡು, ಪ್ರೆಶರ್ ಏರಿದಾಗ ಸಿಕ್ಕಿಹಾಕಿಕೊಂಡಿತು. ನಾರು ಉಜ್ಜಿದರೂ ಸಾಕು, ಕಿಡಿ. ಅವಶೇಷದಲ್ಲಿ ಸಿಕ್ಕ ಒಳಪದರಗಳಲ್ಲಿ ಆ ಮಡಿಕೆ ಕಂಡವು. ಡೇಟಾ ಒಂದು ಕಡೆಯಿಂದ, ಲೋಹ ಇನ್ನೊಂದು ಕಡೆಯಿಂದ ಬಂದು ಅಲ್ಲಿ ಸೇರಿದವು.

ಒಳ್ಳೆ ಕಡೆಯ ಉದಾಹರಣೆಯೂ ಹೇಳಲೇಬೇಕು. ಮಹೇಂದ್ರಗಿರಿಯಲ್ಲಿ ಇಸ್ರೋದ ಸೆಮಿಕ್ರಯೋ ಎಂಜಿನ್, ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕದ್ದು, 2000 ಕಿಲೋನ್ಯೂಟನ್ ತಳ್ಳುವಂಥದ್ದು. ಉರಿಯುವ ಕೋಣೆ ಬಿಟ್ಟು ಉಳಿದ ಭಾಗ ಮಾತ್ರ ಜೋಡಿಸಿ 2023ರ ಜುಲೈ 1ರಂದು ಮೊದಲ ಸಲ ಹೊತ್ತಿಸಿದರು. 4.5 ಸೆಕೆಂಡ್ ಓಡಬೇಕಿತ್ತು. 1.9 ಸೆಕೆಂಡಿನವರೆಗೆ ಅಂದುಕೊಂಡ ಹಾಗೇ ಹೋಯಿತು. 2 ಸೆಕೆಂಡಿಗೆ ಟರ್ಬೈನ್ ಪ್ರೆಶರ್ ತಟ್ಟನೆ ಏರಿತು, ಟರ್ಬೈನ್ ವೇಗ ಇಳಿಯಿತು. ಟೆಸ್ಟ್ ಅಲ್ಲೇ ನಿಲ್ಲಿಸಿದರು. ಮುಂದಕ್ಕೆ ಬಿಟ್ಟಿದ್ದರೆ ನೋಡಲು ಏನೂ ಉಳಿಯುತ್ತಿರಲಿಲ್ಲವೇನೋ. 2025ರ ಮಾರ್ಚ್ 28ಕ್ಕೆ 2.5 ಸೆಕೆಂಡ್ ಸರಿಯಾಗಿ ಓಡಿತು. ಎರಡು ಸೆಕೆಂಡಿನಿಂದ ಎರಡೂವರೆಗೆ ಬರಲು ಇಪ್ಪತ್ತೊಂದು ತಿಂಗಳು. ನಿಮಗೆ ಶುಕ್ರವಾರದೊಳಗೆ ಕೊಡು ಅನ್ನುವವರಿಗೆ ಇದನ್ನು ತೋರಿಸಿ. ಇಸ್ರೋದ ಇಂಥ ಪ್ರೆಶರ್ ಸೆನ್ಸರ್‌ಗಳ ಕೆಲಸ ನಡೆಯುವ ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, ಎಲ್‌ಪಿಎಸ್‌ಸಿ, ಅಂದರೆ ದ್ರವ ಇಂಧನ ಎಂಜಿನ್‌ಗಳ ಕೆಲಸ ಮಾಡುವ ಸಂಸ್ಥೆ.

ಟೋಕಿಯೋ ಕನ್ನಡಿಗ ಬರೆದದ್ದು:

ಇಲ್ಲಿಯದೊಂದು ಹೇಳುತ್ತೇನೆ, ಚಿಕ್ಕದಾಗಿ. ಜಪಾನಿನ ಎಪ್ಸಿಲಾನ್ ಎಸ್ ರಾಕೆಟ್ಟಿನ ಎರಡನೇ ಹಂತದ ಘನ ಇಂಧನ ಮೋಟಾರ್ 2023ರ ಜುಲೈ 14ರಂದು ಅಕಿತಾ ಪ್ರಾಂತ್ಯದ ನೊಶಿರೋದಲ್ಲಿ ಟೆಸ್ಟ್ ಮಾಡುವಾಗ 57 ಸೆಕೆಂಡಿಗೆ ಸ್ಫೋಟವಾಯಿತು. ಟೆಸ್ಟ್ ಮಾಡುವ ಕಟ್ಟಡವೇ ಹೋಯಿತು. ಹೊತ್ತಿಸುವ ಸಾಧನದ ಒಂದು ಭಾಗ ಕರಗಿ ಚೆಲ್ಲಿ ಒಳಗೆ ಪೆಟ್ಟು ಮಾಡಿದೆ ಅಂತ ಇಲ್ಲಿಯ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಹೇಳಿತು, ಅದಕ್ಕೆ ಶಾಖ ತಾಗದಂತೆ ರಕ್ಷಣೆಯನ್ನೂ ಮಾಡಿದರು. 2024ರ ನವೆಂಬರ್ 26ರಂದು ತಾನೆಗಾಶಿಮಾದಲ್ಲಿ ಮತ್ತೆ ಟೆಸ್ಟ್. ಈ ಸಲ ಸುಮಾರು 49 ಸೆಕೆಂಡಿಗೆ ಸ್ಫೋಟ, ಮೊದಲಿಗಿಂತ ಬೇಗ. ನಾನು ಟಿವಿಯಲ್ಲಿ ನೋಡುತ್ತಿದ್ದೆ, ತುಂಬ ಬೇಜಾರಾಯಿತು. ಅಷ್ಟು ಶ್ರದ್ಧೆಯಿಂದ ಹುಡುಕುವವರಿಗೇ ಹೀಗಾಗುತ್ತದೆ. ಕಾರಣ ಸಿಕ್ಕಿತು ಅಂತ ಅನ್ನಿಸಿದ ಮೇಲೆ, ಅದೇ ಕಾರಣ ಬೇಕಂತಲೇ ಇಟ್ಟು ಪ್ರಯತ್ನಿಸಿದರೆ ಅದೇ ತರ ಒಡೆಯುತ್ತದಾ ಅಂತ ನೋಡಿ, ಸಾಧ್ಯವಿದ್ದರೆ. ನೀರು ತುಂಬಿ ಮಾಡಿ, ಗ್ಯಾಸ್ ಬೇಡ.

ಹಳೇ ಸ್ಟ್ಯಾಂಡ್ ಬರೆದದ್ದು:

ನೀರು ಅಂದದ್ದು ಬಹಳ ಒಳ್ಳೆದಾಯಿತು. ಲೆಕ್ಕ ಹಾಕಿ ನೋಡಿ. 50 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ನೈಟ್ರೋಜನ್ ಇದ್ದರೆ ಅದು ಒಮ್ಮೆಲೇ ಹೊರಬರುವಾಗ ಸುಮಾರು 2 ಮೆಗಾಜೂಲ್ ಶಕ್ತಿ. ಒಂದು ಟನ್ ತೂಕದ ಕಾರನ್ನು 200 ಮೀಟರ್ ಮೇಲೆತ್ತುವಷ್ಟು. ಅಷ್ಟೇ ಪ್ರೆಶರಿನಲ್ಲಿ ಅಷ್ಟೇ ನೀರಿದ್ದರೆ ಅದರ ಇನ್ನೂರರಲ್ಲಿ ಒಂದು ಪಾಲೂ ಇರುವುದಿಲ್ಲ.

ಸಂಜೆ ಶಿಫ್ಟ್ ಬರೆದದ್ದು:

ಎಲ್ಲರೂ ಲೋಹ, ಡೇಟಾ ಹೇಳಿದ್ದೀರಿ. ನಾನು ಮನುಷ್ಯರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಆ ಟೀಗೆ ಹೋದ ಹುಡುಗನ ಜಾಗದಲ್ಲಿ ನಾನೂ ಒಮ್ಮೆ ಇದ್ದೆ.

1966ರ ಮೇ 28, ಮಿಸಿಸಿಪ್ಪಿಯ ಟೆಸ್ಟ್ ಕೇಂದ್ರ, ಇವತ್ತಿನ ಸ್ಟೆನ್ನಿಸ್. ಸ್ಯಾಟರ್ನ್ 5ರ ಎರಡನೇ ಹಂತದ ಟೆಸ್ಟ್ ಮಾದರಿ ಎಸ್-2ಟಿ ಸ್ಟ್ಯಾಂಡ್ ಮೇಲೆ ನಿಂತಿತ್ತು. ಹತ್ತು ಮೀಟರ್ ಅಗಲದ ಹೈಡ್ರೋಜನ್ ಟ್ಯಾಂಕ್. ಸೋರಿಕೆ ಹುಡುಕಲು ಅದಕ್ಕೆ ಪ್ರೆಶರ್ ಹಾಕಬೇಕಿತ್ತು. ಎರಡನೇ ಪಾಳಿಯವರು ಬಂದರು. ಪ್ರೆಶರ್ ತೋರಿಸುವ ಸೆನ್ಸರ್, ಸ್ವಿಚ್‌ಗಳ ಸಂಪರ್ಕ ಮುಂಚೆಯೇ ಬಿಚ್ಚಿಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ. ಪ್ರೆಶರ್ ಹಾಕಿದರು, ಏರುತ್ತಿಲ್ಲ ಅಂತ ಕಂಡಿತು. ಗ್ಯಾಸ್ ಹೊರಬಿಡುವ ವೆಂಟ್ ಸೋರುತ್ತಿರಬೇಕು ಅಂದುಕೊಂಡು ಹೊರಗೆ ಹೋಗುವ ದಾರಿಯ ವಾಲ್ವ್ ಮುಚ್ಚಿ ಮತ್ತೆ ಹಾಕಿದರು. ಟ್ಯಾಂಕ್ ಒಡೆದು ಹೋಯಿತು. ಮೇಲೆ ಇದ್ದ ಐದು ಜನರಿಗೆ ಸಣ್ಣಪುಟ್ಟ ಗಾಯ, ಅಷ್ಟರಲ್ಲೇ ಉಳಿದರು, ದೇವರ ದಯೆ.

ಇಲ್ಲಿ "ಆಪರೇಟರ್ ತಪ್ಪು" ಅಂತ ಬರೆದರೆ ಏನು ತಿಳಿಯಿತು? ಅವರ ಕಣ್ಣಿಗೆ ಕಂಡಿದ್ದಕ್ಕೆ ಅವರು ಮಾಡಿದ್ದು ಸರಿಯೇ ಇತ್ತು. ಕಂಡಿದ್ದೇ ಸುಳ್ಳು. ಬಿಚ್ಚಿಟ್ಟವರಿಗೂ ಹಾಕಿದವರಿಗೂ ನಡುವೆ ಒಂದು ಸಾಲು ಬರೆದಿಟ್ಟಿದ್ದರೆ, ಒಂದು ಕೆಂಪು ಚೀಟಿ ಕಟ್ಟಿದ್ದರೆ ಸಾಕಿತ್ತು.

ಇನ್ನೊಂದು, 2007ರ ಜುಲೈ 26, ಕ್ಯಾಲಿಫೋರ್ನಿಯಾದ ಮೊಹಾವಿ. ಸ್ಕೇಲ್ಡ್ ಕಾಂಪೊಸಿಟ್ಸ್ ಕಂಪನಿಯವರು ರಾಕೆಟ್ ಇಂಧನ ಉರಿಸಲು ಬಳಸುವ ನೈಟ್ರಸ್ ಆಕ್ಸೈಡ್ ಬರೀ ಹರಿಸಿ ನೋಡುವ ಪರೀಕ್ಷೆ ಮಾಡುತ್ತಿದ್ದರು, 15 ಸೆಕೆಂಡಿನದು. ಬೆಂಕಿ ಹೊತ್ತಿಸುವ ಮಾತೇ ಇರಲಿಲ್ಲ. ಸ್ಫೋಟವಾಯಿತು. ಮೂವರು ಸತ್ತರು, ಮೂವರಿಗೆ ಗಾಯ. ಸತ್ತವರು ಬೇಲಿ ಹತ್ತಿರ ನಿಂತು ನೋಡುತ್ತಿದ್ದವರು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಬೆಂಕಿ ಇಲ್ಲದ ಟೆಸ್ಟ್, ಏನು ತಾನೇ ಆಗುತ್ತದೆ ಅಂತ ಜನ ಹತ್ತಿರ ನಿಲ್ಲುತ್ತಾರೆ. ನಿಮ್ಮ ಹುಡುಗ ದಿನಾ 150 ಬಾರ್ ಲೈನಿನ ಎದುರು ನಿಲ್ಲುತ್ತಿದ್ದದ್ದೂ ಅದೇ ತರ. ಲೈನ್ ಬಿಟ್ಟು ಹೋದದ್ದು ತಪ್ಪು ಅಂತ ಬರೆಯುವುದಕ್ಕಿಂತ, ಅಲ್ಲಿ ನಿಲ್ಲಬೇಕಾದ ಹಾಗೆ ಪ್ಯಾನೆಲ್ ಇಟ್ಟವರು ಯಾರು ಅಂತ ಕೇಳಿ.

ಹುಡುಗನ ಜೊತೆ ಒಬ್ಬರೇ ಕೂತು ಮಾತಾಡಿ. ಮ್ಯಾನೇಜರ್ ಕೋಣೆಯಲ್ಲಿ ಬೇಡ, ರಿಗ್ ಹತ್ತಿರವೇ ಕರೆದುಕೊಂಡು ಹೋಗಿ. "ಏನು ಮಾಡಿದೆ?" ಅನ್ನಬೇಡಿ, "ಬೆಳಿಗ್ಗೆಯಿಂದ ಹೇಗೆ ಕೆಲಸ ಮಾಡುತ್ತೀಯ, ತೋರಿಸು" ಅನ್ನಿ. ಕೈ ತಾನಾಗೇ ಎಲ್ಲ ಹೇಳುತ್ತದೆ. ನನ್ನನ್ನು ಅವತ್ತು ಏಳು ಜನ ಮೇಜಿನ ಆ ಕಡೆ ಕೂತು ಕೇಳಿದ್ದರು. ನನಗೆ ಗೊತ್ತಿದ್ದ ಒಂದು ವಿಷಯ ಹೇಳಲೇ ಇಲ್ಲ, ಹೆದರಿಕೆಗೆ.

ಪ್ರೆಶರ್ ಲೈನ್ ಬರೆದದ್ದು:

ಎಲ್ಲರಿಗೂ ಕೈಮುಗಿದೆ. ತಡವಾಗಿ ಬರೆಯುತ್ತಿದ್ದೇನೆ, ಈ ಮೂರು ದಿನ ಬಿಡುವೇ ಇರಲಿಲ್ಲ.

ಹೋಸ್ ಗುಜರಿ ಡಬ್ಬಿಯಲ್ಲೇ ಇತ್ತು, ಲೇತ್ ಚೂರುಗಳ ಕೆಳಗೆ. ಗಿಡ್ಡ ತುಂಡು ಇನ್ನೂ ಫಿಟ್ಟಿಂಗ್‌ನಲ್ಲೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಒರೆಸದೆ ಎರಡು ಕವರಿಗೆ ಹಾಕಿದ್ದೇನೆ. ಲಾಗರ್ ಸೆಕೆಂಡಿಗೆ ಒಂದೇ ರೀಡಿಂಗ್ ತೆಗೆಯುತ್ತದೆ. 152 ಬಾರ್, ಮುಂದಿನ ಸಾಲು 4 ಬಾರ್. ನಡುವೆ ಏನೂ ಇಲ್ಲ. ಆದರೆ ಒಂದು ಗೊತ್ತಾಯಿತು, ಪ್ರೆಶರ್ ಮಿತಿ ಮೀರಿ ಏರಿರಲಿಲ್ಲ. ಪ್ರೆಶರ್ ಜಾಸ್ತಿಯಾದರೆ ತಾನಾಗೇ ತೆರೆದು ಹೊರಬಿಡುವ ರಿಲೀಫ್ ವಾಲ್ವ್ ಬಿಚ್ಚಿಸಿ ನೋಡಿದೆವು, ಸರಿಯಾದ ಪ್ರೆಶರಿಗೇ ತೆರೆಯುತ್ತದೆ. ಅದೇ ಬ್ಯಾಚಿನ ಇನ್ನೂ ಮೂರು ಹೋಸ್ ಇದ್ದವು, ಮೂರನ್ನೂ ಇಳಿಸಿ ಪಕ್ಕಕ್ಕಿಟ್ಟಿದ್ದೇವೆ.

ಹುಡುಗನನ್ನು ರಿಗ್ ಹತ್ತಿರ ಕರೆದುಕೊಂಡು ಹೋದೆ. ಮೊದಲು ಮಾತೇ ಆಡಲಿಲ್ಲ. ಕೆಲಸ ಮಾಡಿ ತೋರಿಸು ಅಂದೆ. ವಾಲ್ವ್ ಜೋಡಿಸಿದ, ಹೋಸ್ ಎಳೆದು ತಂದ, ಫಿಟ್ಟಿಂಗ್ ಹತ್ತಿರ ಎಡಗೈಯಲ್ಲಿ ಅದನ್ನು ಬಗ್ಗಿಸಿ ಹಿಡಿದುಕೊಂಡೇ ಬಲಗೈಯಲ್ಲಿ ನಟ್ ಬಿಗಿ ಮಾಡಿದ. ಯಾಕೆ ಬಗ್ಗಿಸುತ್ತೀಯ ಅಂದರೆ, "ಬಗ್ಗಿಸದಿದ್ದರೆ ಮುಟ್ಟುವುದಿಲ್ಲ ಸರ್" ಅಂದ. ಜನವರಿಯಲ್ಲಿ ಹೊಸ ಬೆಂಚ್ ಬಂದಾಗ ಜಾಗ ಸಾಲದೆ ರಿಗ್ಗನ್ನು ಒಂದಡಿ ಆ ಕಡೆಗೆ ಸರಿಸಿದ್ದೆವು. ಹೋಸ್ ಮಾತ್ರ ಹಳೆಯದೇ, ಹಳೇ ಉದ್ದದ್ದೇ. ಸರಿಸುವಾಗ ನಾನೂ ಒಂದು ಕಡೆ ಹಿಡಿದಿದ್ದೆ. ದಿನಕ್ಕೆ ಆರೇಳು ವಾಲ್ವ್, ಪ್ರತಿ ಸಲವೂ ಅದೇ ಜಾಗದಲ್ಲಿ ಬಾಗಿದೆ. ಹದಿನೈದು ದಿನದಿಂದ ಅಲ್ಲಿ ಒಂದೆರಡು ತಂತಿ ಎದ್ದು ಕೈಗೆ ಚುಚ್ಚುತ್ತಿತ್ತಂತೆ. ಇನ್ಸುಲೇಶನ್ ಟೇಪ್ ಸುತ್ತಿದ್ದಾನೆ. ಯಾರಿಗೂ ಹೇಳಲಿಲ್ಲವಾ ಅಂದೆ. ರಿಜಿಸ್ಟರಿನಲ್ಲಿ ವಾಲ್ವಿನ ಬಗ್ಗೆ ಬರೆಯಲು ಕಾಲಂ ಇದೆ, ರಿಗ್ಗಿನ ಬಗ್ಗೆ ಬರೆಯಲು ಇಲ್ಲ ಅಂದ. ಹೋಗಿ ನೋಡಿದೆ, ನಿಜವಾಗಿಯೂ ಇಲ್ಲ.

ಇದಿಷ್ಟನ್ನೂ ಬರೆದು ಕೊಟ್ಟೆ. ಎರಡು ವಾರ ಸಮಯ ಕೊಟ್ಟಿದ್ದಾರೆ. ಆ ಹುಡುಗನ ಹೆಸರು ರಿಪೋರ್ಟಿನಲ್ಲಿ ಇಲ್ಲ.

ಲೋಹದ ಕಣ್ಣು ಮೇಡಂ, ಟೇಪ್ ಇದ್ದ ಕಡೆ ತಂತಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಸ್ಪಷ್ಟವಾಗಿ ಕಾಣುವಂಥ 38 ತುದಿ ಎಣಿಸಿದೆ. 27 ನೀವು ಹೇಳಿದ ಹಾಗೆ ಸಣ್ಣಗಾಗಿ ಬಟ್ಟಲಿನ ತರ ಇವೆ, ಹೊಳೆಯುತ್ತವೆ. 11 ಚಪ್ಪಟೆ, ಬಣ್ಣ ಮಾಸಿದೆ.

ಲೋಹದ ಕಣ್ಣು ಬರೆದದ್ದು:

ಆ 11 ಎಲ್ಲಿವೆ? ಸುತ್ತಲೂ ಹರಡಿವೆಯಾ, ಒಂದೇ ಕಡೆಯಾ?

ಪ್ರೆಶರ್ ಲೈನ್ ಬರೆದದ್ದು:

ಒಂದೇ ಕಡೆ ಮೇಡಂ. ಬಾಗಿದಾಗ ಹೊರಗೆ ಬರುವ ಕಡೆ. ಹನ್ನೊಂದೂ ಅಕ್ಕಪಕ್ಕದಲ್ಲೇ ಇವೆ.